ಮೊಳಕಾಲಿಗೆ ಬಡಿದ ಸ್ವರ

ನಫ್ತಾಲಿ ಕೊಳವೆಬಾವಿಯ ಹಿಡಿಯನ್ನು ಜಗ್ಗುತ್ತಿದ್ದ. ಹಳದಿ ಕ್ಯಾನಿನೊಳಗೆ ನೀರು ಬೀಳುವ ಸದ್ದು ಮೊದಲು ದಪ್ಪಗಿತ್ತು, ನೀರು ಏರಿದ ಹಾಗೆ ಸಣ್ಣಗಾಗುತ್ತ ಮೇಲೆ ಮೇಲೆ ಹತ್ತಿತು. ಕೇಳಬಾರದು ಅಂದುಕೊಂಡೇ ಕೆತೂರಾ ಕೇಳುತ್ತಿದ್ದಳು. ಕ್ಯಾನು ಅರ್ಧ ದಾಟಿ ಇನ್ನೊಂದು ಗೇಣು ತುಂಬುವ ಹೊತ್ತಿಗೆ ಅದು ಬಂತು, ಆ ಸ್ವರ. ಒಂದು ಕ್ಷಣ ನಿಂತು ಮುಂದಕ್ಕೆ ಹೋಯಿತು. ಅನುಮಾನವೇ ಇಲ್ಲ, ನಿನ್ನೆಯದೇ. ಸಂತೆಯ ಗದ್ದಲದಲ್ಲಿ ತಾಯಿಯ ಕೆಮ್ಮನ್ನು ಮಗು ಗುರುತಿಸುವ ಹಾಗೆ ಅವಳಿಗೆ ಅದು ತಿಳಿಯಿತು. ಹಾಗಾದರೆ ನಿನ್ನೆ ಯಾಕೆ ತಿಳಿಯಲಿಲ್ಲ? ಅಥವಾ ತಿಳಿದಿತ್ತೋ? ಈ ಪ್ರಶ್ನೆಯನ್ನು ಬೆಳಗಿನಿಂದ ಹತ್ತು ಸಲ ಮುಂದಕ್ಕೆ ತಳ್ಳಿದ್ದಳು. ಭಾನುವಾರ, ಬಿಸಿಲು ಇನ್ನೂ ಎಳೆಯದು, ಇಪ್ಪತ್ತಮೂರು ಹುಡುಗ ಹುಡುಗಿಯರು ಕ್ಯಾನು ಹಿಡಿದು ಸಾಲು ನಿಂತಿದ್ದರು. ಬೆಟ್ಟದ ಮೇಲಿನ ನಾಲ್ಕು ಮುದುಕರ ಮನೆಗಳಿಗೆ ಭಾನುವಾರದ ನೀರು ಹೊರುವುದು ಹಾಡುವ ಬಳಗದ ಕೆಲಸ. ಮೊದಲು ನೀರು, ಆಮೇಲೆ ಹಾಡು ಎಂದು ಪೆಥುಯೇಲ್ ಮೇಷ್ಟ್ರು ಬಳಗ ಕಟ್ಟಿದ ಮೊದಲ ವಾರವೇ ಹೇಳಿದ್ದರು. ಆ ಮೇಷ್ಟ್ರೇ ಇನ್ನು ಎರಡು ಗಂಟೆಯಲ್ಲಿ, ಹುಲ್ದಾ ಅಜ್ಜಿಯ ಅಂಗಳದಲ್ಲಿ, ಎಲ್ಲರೆದುರು ಬಳಗವನ್ನು ಕೆತೂರಾಳ ಕೈಗೆ ಒಪ್ಪಿಸುವವರಿದ್ದರು.

"ಏನ್ ಮೇಡಂ, ಇವತ್ತಿಂದ ನಿಮ್ಮನ್ನ ಕಂಡ್ರೆ ಎದ್ದು ನಿಲ್ಲಬೇಕಾ ನಾವು?" ಎಂದ ನಫ್ತಾಲಿ, ಹಿಡಿ ಬಿಡದೆ. ವಾರವೆಲ್ಲ ಅವನು ಎಂಬಾಲೆ ಪೇಟೆಯಲ್ಲಿ ಬಾಡಿಗೆಗೆ ಮೋಟರ್‌ಬೈಕ್ ಓಡಿಸುತ್ತಾನೆ, ಶುಕ್ರವಾರ ಸಂಜೆಯಿಂದ ಬಳಗದ ಕೆಳದನಿಗೆ ಅವನೇ ಅಡಿಪಾಯ.

"ಕೂತ್ಕೊಂಡೇ ಬೇಸುರ ಹಾಡ್ತೀಯ, ಎದ್ದು ನಿಂತು ಇನ್ನೇನ್ ಮಾಡ್ತೀಯೋ," ಎಂದಳು ಹನ್ನೆರಡು ವರ್ಷದ ಸೆಫೋರಾ, ಸಾಲಿನ ಹಿಂದಿನಿಂದ. ಎಲ್ಲರೂ ನಕ್ಕರು. ಕೆತೂರಾಳೂ ನಕ್ಕಳು. ನಗುವಾಗ ಬಲ ಮೊಳಕಾಲು ತಣ್ಣಗಾದಂತೆ ಅನಿಸಿತು.

ಮೊಳಕಾಲಿನ ಮೇಲೆ ಗುರುತೇನೂ ಇರಲಿಲ್ಲ. ಬೆಳಗ್ಗೆ ಸ್ನಾನ ಮಾಡುವಾಗ ನೋಡಿಕೊಂಡಿದ್ದಳು. ಮೆಲ್ಲಗೆ ಬಡಿದದ್ದು, ಲಂಗದ ಒಳಗಡೆ, ಅಂಗೈ ಮರೆಯಲ್ಲಿ. ಶುಕ್ರವಾರ ಹೊತ್ತು ಮುಳುಗುವ ಮುಂಚೆ, ಹೆಂಗಸರು ದೀಪ ಹಚ್ಚುವುದಕ್ಕೆ ಕಾಲುಗಂಟೆ ಇರುವಾಗ, ಬೆಟ್ಟದ ಯಹೂದಿಗಳ ಪ್ರಾರ್ಥನಾಮಂದಿರವಾದ ಸಿನಗಾಗಿನ ಹಿಂದಿನ ಕಪಾಟಿಗೆ ಡೋಲು, ಗಿಟಾರು, ಬಡಿದರೆ ಒಂದೇ ಸ್ವರ ನುಡಿಯುವ ಮೇಷ್ಟ್ರ ಶ್ರುತಿಕವೆ ಎಲ್ಲವೂ ಹೋಗಬೇಕು, ಬೀಗ ಬೀಳಬೇಕು. ಶನಿವಾರ ಮೂರು ನಕ್ಷತ್ರ ಕಾಣುವತನಕ ಅವನ್ನು ಬಾರಿಸುವುದಿರಲಿ, ಮುಟ್ಟುವ ಹಾಗೂ ಇಲ್ಲ. ದುಡಿಮೆ ನಿಷಿದ್ಧವಾದ ಆ ಸಬ್ಬತ್ತಿನ ದಿನ ಬಳಗಕ್ಕೆ ಇರುವುದು ಗಂಟಲು ಒಂದೇ. ಯಾರಾದರೊಬ್ಬರು ಬರಿಗೈಯಲ್ಲಿ ನಿಂತು, ತಲೆಯೊಳಗಿಂದ ಮೊದಲ ಸ್ವರವನ್ನು ತೆಗೆದು ಕೊಡಬೇಕು. ಅದು ಕೆತೂರಾ. ಮೂರು ವರ್ಷದಿಂದ ಅವಳೇ. ಶುಕ್ರವಾರ ಅವಳೇ ಡೋಲನ್ನು ಒಳಗಿಟ್ಟಳು, ಗಿಟಾರನ್ನು ಇಟ್ಟಳು, ಬೀಗ ಹಾಕಿದಳು, ಬೀಗದ ಕೈಯನ್ನು ಮೊಳೆಗೆ ತಗುಲಿಸಿದಳು. ಎರಡು ಕವಲಿನ ಉಕ್ಕಿನ ಕಡ್ಡಿಯಾದ ಆ ಕವೆ ಮಾತ್ರ ಅವಳ ಲಂಗದೊಳಗಿತ್ತು. ಅದಕ್ಕಾಗಿ ಗುರುವಾರವೇ, ಪೇಟೆಯ ಜಗುಲಿಯ ಮೇಲೆ ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುತ್ತ ಕೂತವಳು, ಗಿರಾಕಿ ಇಲ್ಲದ ಹೊತ್ತಿನಲ್ಲಿ ತನ್ನ ಲಂಗದ ಒಳಗೆ ಬೆರಳಗಲದ ಜೇಬೊಂದನ್ನು ಹೊಲಿದಿದ್ದಳು. ಕರವಸ್ತ್ರಕ್ಕೆ ಎಂದುಕೊಂಡೇ ಹೊಲಿದಳು. ಅಷ್ಟು ಕಿರಿದಾದ ಜೇಬಿನಲ್ಲಿ ಯಾವ ಕರವಸ್ತ್ರವೂ ಹಿಡಿಯದು ಎಂಬುದು ದರ್ಜಿಯಾದ ಅವಳಿಗೆ ಗೊತ್ತಿತ್ತು. ಕೈ ಹೊಲಿಯುತ್ತಿತ್ತು, ಬಾಯಿ ಏನನ್ನೋ ಗುನುಗುತ್ತಿತ್ತು, ಮನಸ್ಸು ಬೇರೆ ಕಡೆ ನೋಡುತ್ತ ಕೂತಿತ್ತು.

ಕ್ಯಾನನ್ನು ತಲೆಗೇರಿಸಿಕೊಂಡು ಏರು ಹಿಡಿದಳು. ಹಿಂದೆ ಐದು ಲೀಟರಿನ ಚಿಕ್ಕ ಕ್ಯಾನು ಹೊತ್ತು ಸೆಫೋರಾ. ದಾರಿಯ ಎರಡೂ ಕಡೆ ಕಾಫಿ ಗಿಡ, ಬಾಳೆ. ಎದುರಿಗೆ ವನಾಲೆ ಪರ್ವತದ ಬಂಡೆಗೋಡೆಯಿಂದ ನೀರು ಎರಡು ದಾರವಾಗಿ ಇಳಿಯುತ್ತಿತ್ತು. ಮೂರು ಸಬ್ಬತ್ತಿನ ಹಿಂದೆ ಇದೇ ದಾರಿಯಲ್ಲಿ ಅವಳು ತಲೆ ತಗ್ಗಿಸಿ ಇಳಿದುಹೋಗಿದ್ದಳು. ಅವತ್ತು ಪಕ್ಕದ ಬೆಟ್ಟದವರೆಲ್ಲ ಬಂದಿದ್ದರು. ಸಬ್ಬತ್ ಕೀರ್ತನೆಗೆ ಅವಳು ಕೊಟ್ಟ ಸ್ವರ ಎರಡು ಮೆಟ್ಟಿಲು ಎತ್ತರವಾಗಿತ್ತು. ಕೊಟ್ಟ ತಕ್ಷಣವೇ ತಿಳಿಯಿತು, ಹಿಂದಕ್ಕೆ ತೆಗೆದುಕೊಳ್ಳುವ ಹಾಗಿರಲಿಲ್ಲ, ನಾಲ್ಕೂ ದನಿಗಳು ಆಗಲೇ ಹೊರಟಿದ್ದವು. ಮೊದಲ ಎರಡು ಸಾಲು ಹೇಗೋ ಆದವು. ಮೂರನೆಯ ಸಾಲಿನ ತುದಿ ಎಷ್ಟೆತ್ತರ ಎಂದು ಅವಳಿಗೊಬ್ಬಳಿಗೇ ಗೊತ್ತಿತ್ತು. ಬಂಡೆಯ ಕಡೆಗೆ ಹೊರಟ ಬಂಡಿಯಲ್ಲಿ ಕೂತವಳ ಹಾಗೆ ಅದು ಹತ್ತಿರ ಬರುವುದನ್ನೇ ನೋಡುತ್ತಿದ್ದಳು. ಎಂಟು ಹುಡುಗಿಯರ ಮೇಲುದನಿ ಒಟ್ಟಿಗೇ ಒಡೆಯಿತು. ಮಕ್ಕಳು ಕಿಸಕ್ಕೆಂದರು. ಹೊರಗೆ ಬಂದ ಮೇಲೆ ನಫ್ತಾಲಿ, ಕೆಟ್ಟ ಮನಸ್ಸಿನಿಂದಲ್ಲ, "ಬಾವಲಿಗಳೇ ಬಂದು ಸಬ್ಬತ್ ಮಾಡಿದ ಹಾಗಿತ್ತಲ್ಲಪ್ಪ," ಎಂದ. ಸೋಮವಾರ ಜಗುಲಿಯ ಮುಂದೆ ಹಾದುಹೋದ ಶಾಲೆಯ ಹುಡುಗನೊಬ್ಬ ಅವಳನ್ನು ಕಂಡು ಬಾವಲಿಯ ಹಾಗೆ ಕಿಚಗುಟ್ಟಿದ. ಅದನ್ನೂ ಸಹಿಸಬಹುದಿತ್ತು. ಸಹಿಸಲಾಗದಿದ್ದದ್ದು ಮೇಷ್ಟ್ರ ಮುಖ. ಎರಡು ವರ್ಷದಿಂದ ಅವರ ಕಿವಿ ಮಂದವಾಗುತ್ತ ಬಂದು ಈಗ ಮೇಲುದನಿ ಅವರಿಗೆ ಕೇಳುವುದೇ ಇಲ್ಲ. ಹುಡುಗಿಯರ ಬಾಯಿ ನೋಡಿ ತಾಳ ಹಾಕುತ್ತಾರೆ. ಅವತ್ತು ಎಲ್ಲರೂ ನಕ್ಕಾಗ ಅವರಿಗೆ ಏನಾಯಿತೆಂದೇ ತಿಳಿಯಲಿಲ್ಲ. ಒಬ್ಬೊಬ್ಬರ ಮುಖವನ್ನೂ ನೋಡಿ, ಕೊನೆಗೆ ತಾವೂ ಸ್ವಲ್ಪ ನಕ್ಕರು.

"ಅಕ್ಕಾ," ಎಂದಳು ಹಿಂದಿನಿಂದ ಸೆಫೋರಾ, ಏದುಸಿರು ಬಿಡುತ್ತ. "ಆ ಸ್ವರ ತಲೇಲಿ ಎಲ್ಲಿರುತ್ತೆ? ಮುಂದೋ, ಹಿಂದೋ?"

"ನೀರು ಚೆಲ್ಲಬೇಡ, ನೋಡ್ಕೊಂಡು ನಡಿ."

"ನಾನೂ ರಾತ್ರಿ ಮಲಗೋವಾಗ ಅದನ್ನ ಗುನುಗಿ ಮಲಗ್ತೀನಿ. ಬೆಳಗ್ಗೆ ಎದ್ರೆ ಹೋಗಿರುತ್ತೆ. ನಿಂಗೆ ಹೋಗಲ್ವಾ?"

ಕೆತೂರಾ ಹೆಜ್ಜೆ ಚುರುಕು ಮಾಡಿದಳು. ತಲೆಯ ಮೇಲೆ ಇಪ್ಪತ್ತು ಲೀಟರು ನೀರಿರುವಾಗ ಹಿಂದಿರುಗಿ ನೋಡಲಾಗದು ಎಂಬುದು ಅನುಕೂಲವಾಯಿತು. ನಿನ್ನೆ ಇದೇ ಪ್ರಶ್ನೆಯನ್ನು ಜೊಹಾನ್ಸ್‌ಬರ್ಗಿನಿಂದ ಬಂದ ರೈಜೆಲ್ ಎಂಬ ಹೆಂಗಸು ಕೇಳಿದ್ದಳು. ಅಲ್ಲಿನ ಯಹೂದಿ ಯುವಕರ ಬಳಗವನ್ನು ಮೂವತ್ತು ವರ್ಷ ನಡೆಸಿದವಳು, ಬಿಳಿ ಕೂದಲು, ಕೊರಳಿಗೆ ಕನ್ನಡಕ ತೂಗುಹಾಕಿಕೊಂಡಿದ್ದಳು. ಕೀರ್ತನೆ ಮುಗಿದಾಗ ಆ ಕನ್ನಡಕವನ್ನು ಒರೆಸಿಕೊಳ್ಳುತ್ತಲೇ ಇದ್ದಳು. ನಿಜಕ್ಕೂ ಹಾಗೆ ಹಾಡಿತ್ತು ಬಳಗ. ಅದು ಸುಳ್ಳಲ್ಲ. ಕೆಳದನಿ ನೆಲದಿಂದ ಎದ್ದು ಬಂದಿತ್ತು. ನಡುದನಿಗಳೆರಡೂ ಒಂದಕ್ಕೊಂದು ಜಾಗ ಬಿಟ್ಟುಕೊಟ್ಟು ನಡೆದಿದ್ದವು. ಮೂರನೆಯ ಸಾಲಿನ ತುದಿಗೆ ಸೆಫೋರಾ ಹಕ್ಕಿ ತಂತಿಯ ಮೇಲೆ ಕೂರುವಷ್ಟು ಸಲೀಸಾಗಿ ಹೋಗಿ ಕೂತಿದ್ದಳು. ಪ್ರತಿಯೊಂದು ಗಂಟಲೂ ಕೆತೂರಾಳಿಗೆ ಗೊತ್ತು. ಮಸಿಯಿಂದ ಕಪ್ಪು ಬಳಿದ ಹಲಗೆಯ ಮೇಲೆ ಸೀಮೆಸುಣ್ಣದ ಕಡ್ಡಿಯಲ್ಲಿ ದೊ ರೆ ಮಿ ಸ್ವರಗಳನ್ನು ಬರೆದು, ಒಂದೊಂದು ಸಾಲನ್ನು ನೂರು ಸಲ ಹೇಳಿಕೊಟ್ಟು ತಿದ್ದಿದ ಗಂಟಲುಗಳು. ರೈಜೆಲ್ ಬಂದು ಅವಳ ಎರಡೂ ಕೈ ಹಿಡಿದು, ಎಲ್ಲಿ ಇಟ್ಟುಕೊಂಡಿದ್ದೀಯ ಮಗಳೇ ಆ ಸ್ವರವನ್ನು ಎಂದು ಕೇಳಿದಾಗ ಕೆತೂರಾ "ತಲೆಯಲ್ಲಿ" ಎಂದುಬಿಟ್ಟಳು. ಹೆಂಗಸು ಆ ತಲೆಯ ಮೇಲೆ ಅಂಗೈಯಿಟ್ಟು ಹೀಬ್ರೂವಿನಲ್ಲಿ ಹರಸಿದಳು. ಕಡ್ಡಿ ಇನ್ನೂ ಲಂಗದೊಳಗೆ, ತೊಡೆಗೆ ಒತ್ತಿಕೊಂಡು ಇತ್ತು. ಬಡಿದದ್ದು ದೊಡ್ಡ ಪಾಪವೇನಲ್ಲ, ಹಿರಿಯರಲ್ಲಿ ಯಾರನ್ನು ಕೇಳಿದರೂ ಸಣ್ಣದು ಎನ್ನುತ್ತಾರೆ. ಆದರೆ ಆ ಸಣ್ಣದರ ಮೇಲೆ ಹತ್ತಿ ನಿಂತು ಅವಳು ಎತ್ತರ ಕಂಡಿದ್ದಳು. ಆಶೀರ್ವಾದವನ್ನು ಹಿಂದಕ್ಕೆ ಕೊಡುವುದು ಹೇಗೆ ಎಂದು ರಾತ್ರಿಯೆಲ್ಲ ತಿಳಿಯಲಿಲ್ಲ.

ತಿರುವಿನಲ್ಲಿ, ಹಜ್ ಯಾತ್ರೆ ಮಾಡಿ ಬಂದ ಹಾಜತ್ ಜೈತೂನಿಯ ಚಹದಂಗಡಿ. ಅವಳು ಒಲೆಯ ಮುಂದಿನಿಂದಲೇ ಕೂಗಿದಳು. "ಏ ಕೆತೂರಾ! ನಿನ್ನೆ ನೀವು ಹಾಡಿದ್ದು ನಮ್ಮನೆವರೆಗೂ ಬಂತು ಕಣೇ. ನಮ್ಮ ಯಜಮಾನ್ರು ರೇಡಿಯೋ ಆರಿಸಿ ಕೂತ್ಬಿಟ್ರು. ಮದುವೆಯಾಗಿ ಇಪ್ಪತ್ತು ವರ್ಷ ಆಯ್ತು, ನಾನು ಮಾತಾಡುವಾಗ ಒಂದಿನ ಆರಿಸಿಲ್ಲ ಆ ಪುಣ್ಯಾತ್ಮ."

"ನೀನೂ ನಾಲ್ಕು ದನೀಲಿ ಮಾತಾಡು ಹಾಜತ್," ಎಂದ ನಫ್ತಾಲಿ, ಎರಡೂ ಕೈಯಲ್ಲಿ ಕ್ಯಾನು ಹಿಡಿದು ಹಿಂದಿನಿಂದ ಬರುತ್ತ.

"ಒಂದೇ ದನಿಗೇ ಓಡಿಹೋಗ್ತಾರೆ, ಇನ್ನು ನಾಲ್ಕಂತೆ!"

ನಗುವಿನ ನಡುವೆ ಕೆತೂರಾಳ ಎದೆ ಉಬ್ಬಿತು. ಅವಳಿಗೆ ತನ್ನ ಮೇಲೆ ಸಿಟ್ಟು ಬಂತು, ಆದರೆ ಉಬ್ಬಿದ್ದು ಇಳಿಯಲಿಲ್ಲ. ಹೆಮ್ಮೆ ಪಡಬಾರದು ಅಂದರೆ ಹೇಗೆ? ಪೇಟೆಯ ಶಾಲೆಯಲ್ಲಿ ಅವಳು ಓದುವಾಗ, ಶನಿವಾರದ ಪರೀಕ್ಷೆಗೆ ಬರುವುದಿಲ್ಲ ಎಂದದ್ದಕ್ಕೆ, ಅವಳ ಬೆಂಚಿನ ಹುಡುಗಿಯರು ದೇವರನ್ನು ಶಿಲುಬೆಗೇರಿಸಿ ಕೊಂದವರ ಮಗಳು ಎಂದು ಕರೆದು ಬೇರೆ ಬೆಂಚಿಗೆ ಹೋಗಿ ಕೂತಿದ್ದರು. ಆ ಕಡೆ ಕಿಟಕಿ, ಈ ಕಡೆ ಖಾಲಿ ಜಾಗ, ನಡುವೆ ಅವಳು. ಅದೇ ಪೇಟೆಯ ಸಭಾಂಗಣದಲ್ಲಿ ಹೋದ ವರ್ಷ ಇಪ್ಪತ್ತು ಬಳಗಗಳ ಸ್ಪರ್ಧೆ ನಡೆಯಿತು. ಇವರು ತಲೆಗೆ ಹೆಣೆದ ಟೋಪಿ ಹಾಕಿಕೊಂಡು ವೇದಿಕೆ ಹತ್ತಿದಾಗ ತೀರ್ಪುಗಾರ, ನಿಮ್ಮದು ಯಾವ ಚರ್ಚಿನ ಬಳಗ ಎಂದು ಕೇಳಿದ. ಚರ್ಚಿನದಲ್ಲ ಸಾರ್ ಎಂದು ಮೇಷ್ಟ್ರು ಹೇಳಿದಾಗ ಸಭೆಯಲ್ಲಿ ಗುಸುಗುಸು ಎದ್ದಿತು. ಬೆಟ್ಟದವರೇ ಕಟ್ಟಿದ ಧಾಟಿಯಲ್ಲಿ, ಬೆಟ್ಟದ ಮಾತಿನಲ್ಲಿ, ನಾಲ್ಕು ದನಿ ಬೇರೆಬೇರೆಯಾಗಿ ಹೊರಟು ಕೂಡಿಕೊಂಡಾಗ ಗುಸುಗುಸು ನಿಂತಿತು. ಎರಡನೆಯ ಬಹುಮಾನ ಬಂತು. ಇಳಿದು ಬರುವಾಗ ಹಳೆಯ ಬೆಂಚಿನ ಹುಡುಗಿಯೊಬ್ಬಳು, ಈಗ ಕೂಸು ಬೆನ್ನಿಗೆ ಕಟ್ಟಿಕೊಂಡವಳು, ಅವಳ ತೋಳು ಹಿಡಿದು, "ನಮಗೂ ಕಲಿಸ್ತೀಯೇನೇ?" ಎಂದು ಕೇಳಿದಳು. ಕೆತೂರಾ ಕಲಿಸಿದಳು. ಜ್ವರದ ತಿಂಗಳುಗಳಲ್ಲಿ ಯಾವ ದೇವರನ್ನು ನಂಬುವವರ ಮನೆ ಎಂದು ಕೇಳದೆ ಬಳಗದವರು ಬಾಗಿಲು ಬಾಗಿಲಿಗೆ ಹೋಗಿ ಸೊಳ್ಳೆಪರದೆ ಕಟ್ಟಿಕೊಟ್ಟು, ಕಟ್ಟಿದ ಕಡೆ ಒಂದು ಹಾಡು ಹೇಳಿ ಬರುತ್ತಿದ್ದರು. ಈ ಬಳಗದ ಮುಂದೆ ನಿಲ್ಲುವುದೆಂದರೆ ಏನೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅದಕ್ಕಿಂತ ಹೆಚ್ಚಾಗಿ ಅವಳು ಜೀವನದಲ್ಲಿ ಏನನ್ನೂ ಬಯಸಿರಲಿಲ್ಲ. ಕದ್ದದ್ದು ಕೂಡ ಅದಕ್ಕೇ.

ಹುಲ್ದಾ ಅಜ್ಜಿಯ ಮನೆ ಏರಿನ ಕೊನೆಯದು. ಅಜ್ಜಿಗೆ ಎಂಬತ್ತು ದಾಟಿತ್ತು, ಆರು ತಿಂಗಳಿಂದ ಚಾಪೆ ಬಿಟ್ಟು ಎದ್ದಿರಲಿಲ್ಲ. ಹುಡುಗರು ಹಂಡೆಗೆ ನೀರು ತುಂಬಿದರು, ಅಂಗಳ ಗುಡಿಸಿದರು. ಹುಡುಗಿಯರು ಕಳಲೆ ಹಚ್ಚಿ ಕಡಲೆಕಾಯಿ ಸಾರಿಗೆ ಇಟ್ಟರು. ಕೆತೂರಾ ಒಳಗೆ ಹೋಗಿ ಅಜ್ಜಿಯ ಬಟ್ಟೆ ಬದಲಾಯಿಸಿ, ಕಾಲಿಗೆ ಎಣ್ಣೆ ತಿಕ್ಕಿದಳು. ತಿಕ್ಕುವಾಗ, ಈ ಅಜ್ಜಿಗೆ ಮೊದಲು ಹೇಳಿಬಿಡಲೇ ಅನಿಸಿತು. ಕತ್ತಲೆ ಕೋಣೆ, ಮುಚ್ಚಿದ ಕಿಟಕಿ, ಬೇರೆ ಯಾರೂ ಇಲ್ಲ. ಇಲ್ಲಿ ಪಿಸುಗುಟ್ಟಿ ಹಗುರಾಗಿ ಹೊರಗೆ ಹೋಗಿ ಬಳಗವನ್ನು ತೆಗೆದುಕೊಳ್ಳಬಹುದು. ಬಾಯಿ ತೆರೆದಳು.

"ಎಡಗಾಲಿಗೂ ಹಚ್ಚೇ," ಎಂದಳು ಅಜ್ಜಿ. "ಅದೂ ನಂದೇ."

ಎಡಗಾಲಿಗೂ ಹಚ್ಚಿದಳು. ಈ ಕೋಣೆಯಲ್ಲಿ ಪಿಸುಮಾತು ಬಹಳ ಆಗಿಹೋಗಿತ್ತು. ಹಿಂದೆ ಸೈನಿಕನೊಬ್ಬ ದೇಶವನ್ನು ಕಿತ್ತುಕೊಂಡು ಆಳಿದ ಎಂಟು ವರ್ಷ ಬೆಟ್ಟದಲ್ಲಿ ಯಹೂದಿ ಪ್ರಾರ್ಥನೆಗೆ ನಿಷೇಧ ಬಿದ್ದು, ಸಿನಗಾಗಿಗೆ ಬೀಗ ಜಡಿದಾಗ, ಹತ್ತು ಹದಿನೈದು ಜನ ಸಬ್ಬತ್ತಿಗೆ ಸೇರುತ್ತಿದ್ದದ್ದು ಇಲ್ಲೇ. ಬಾಯಿಗೆ ಬಟ್ಟೆ ಒತ್ತಿ ಹಿಡಿದು ಹಾಡುತ್ತಿದ್ದರಂತೆ. ಈ ಹುಲ್ದಾ ಆಗ ಎಳೆ ಪ್ರಾಯದವಳು, ಸ್ವರ ಕೊಡುವವಳು ಅವಳೇ, ಕಿಟಕಿಯ ಸಂದಿಯಿಂದ ದಾರಿ ಕಾಯುವವಳೂ ಅವಳೇ. ಆದಷ್ಟು ಕೆಳಗೆ, ಎದೆಯ ತಳದಿಂದ ಸ್ವರ ಕೊಡುತ್ತಿದ್ದಳು. ಕೆಳಗಿನ ದನಿ ಬಾಗಿಲು ದಾಟುವುದಿಲ್ಲ ಎಂಬ ಲೆಕ್ಕ. ಪೆಥುಯೇಲ್ ಮೇಷ್ಟ್ರು ಹದಿನೆಂಟರ ಹುಡುಗನಾಗಿ ಕೀರ್ತನೆಗಳನ್ನು ಕಲಿತದ್ದು ಹಾಗೆ. ಇವತ್ತಿಗೂ ಬೆಟ್ಟದ ಮುದುಕರು ಹಾಡು ಶುರು ಮಾಡಿದರೆ ನೆಲಕ್ಕೆ ಹತ್ತಿರವೇ ಶುರು ಮಾಡುತ್ತಾರೆ. ಹುಡುಗರು ಅದನ್ನು ಅಣಕಿಸಿ ನಗುತ್ತಾರೆ, ಮುದುಕರೂ ನಗುತ್ತಾರೆ.

ಹೊರಗೆ ಮೇಷ್ಟ್ರು ಬಂದ ಸದ್ದಾಯಿತು. ಬಿಸಿಲಲ್ಲೂ ಕೋಟು, ಕೋಟಿನ ಮೇಲಿನ ಜೇಬಿನಲ್ಲಿ ಸುಣ್ಣದ ಕಡ್ಡಿ. ಅಜ್ಜಿಗೆ ಕೇಳಲಿ ಎಂದು ಬಾಗಿಲ ಎದುರಿಗೇ ಕುರ್ಚಿ ಹಾಕಿಸಿಕೊಂಡು ಕೂತರು. ಬಳಗ ಅರ್ಧಚಂದ್ರಾಕಾರದಲ್ಲಿ ನಿಂತಿತು. ಕಿವಿ ಮಂದವಾದವರು ಮಾತಾಡುವ ಹಾಗೆ ಮೇಷ್ಟ್ರು ಅಗತ್ಯಕ್ಕಿಂತ ಜೋರಾಗಿ ಮಾತಾಡಿದರು.

"ನನಗೆ ಮೇಲುದನಿ ಕೇಳಲ್ಲ. ನಿಮಗೆಲ್ಲ ಗೊತ್ತು, ಮುಚ್ಚಿಡೋಕೆ ಏನಿದೆ. ಕೇಳದೆ ಇರೋನು ಕೇಳಿಸೋರ ಮುಂದೆ ನಿಂತ್ಕೋಬಾರದು. ಈ ಹುಡುಗಿ ಮೂರು ವಾರದ ಹಿಂದೆ ಎಡವಿದ್ಲು. ಎಡವಿದ್ರೆ ಏನಾಯ್ತು? ನಿನ್ನೆ ನೋಡಿದ್ರಲ್ಲ? ಕಪಾಟಿಗೆ ಬೀಗ, ಕೈಯಲ್ಲಿ ಏನೂ ಇಲ್ಲ. ಬರೀ ತಲೆಯಿಂದ ತೆಗೆದು ಕೊಟ್ಲು. ಆ ಜೊಹಾನ್ಸ್‌ಬರ್ಗಿನ ಅಮ್ಮ ನನ್ನ ಹತ್ರ ಬಂದು, ಇಂಥದ್ದನ್ನ ಎಲ್ಲೂ ಕೇಳಿಲ್ಲ ಅಂದ್ರು. ನನಗೆ ಪೂರ್ತಿ ಕೇಳಿಸಿರಲಿಲ್ಲ. ಆದ್ರೆ ಅವರ ಮುಖ ನೋಡಿದೆ."

ಅವರ ಕಣ್ಣು ಒದ್ದೆಯಾಗಿತ್ತು. ಮೂರು ವಾರದ ಹಿಂದೆ ಏನೂ ತಿಳಿಯದೆ ನಕ್ಕ ಮುಖ ಇದೇ. ಕೆತೂರಾಳಿಗೆ ಆಗ ಒಂದು ವಿಚಾರ ಬಹಳ ಸ್ಪಷ್ಟವಾಗಿ ಹೊಳೆಯಿತು. ಈ ಮನುಷ್ಯ ಈಗ ಬೇರೆಯವರ ಮುಖಗಳನ್ನು ನಂಬಿ ಬದುಕುತ್ತಿದ್ದಾರೆ. ಆ ಮುಖಗಳಲ್ಲಿ ಒಂದು ತನ್ನದು.

"ಮೇಷ್ಟ್ರೇ," ಎಂದಳು. "ನಾನು ನಿನ್ನೆ ಕವೆ ಬಡಿದೆ."

ಹತ್ತಿರ ನಿಂತ ನಾಲ್ಕೈದು ಜನಕ್ಕೆ ಮಾತ್ರ ಕೇಳಿಸಿತು. ಸೆಫೋರಾ ತಲೆಯೆತ್ತಿ ನೋಡಿದಳು.

"ಆಂ?" ಎಂದರು ಮೇಷ್ಟ್ರು, ಅಂಗೈಯನ್ನು ಕಿವಿಗಿಟ್ಟು. "ಜೋರಾಗಿ ಹೇಳು. ಏನಂದ್ಲು?"

"ಥ್ಯಾಂಕ್ಸ್ ಅಂತಿದಾಳೆ ಮೇಷ್ಟ್ರೇ!" ಎಂದು ನಫ್ತಾಲಿ ಕೂಗಿದ. ಕೂಗುತ್ತಲೇ ಕೆತೂರಾಳ ಕಡೆ ನೋಡಿ ಹುಬ್ಬು ಹಾರಿಸಿದ: ಬಾಯಿ ಮುಚ್ಕೊಂಡಿರು.

ಮೇಷ್ಟ್ರು ತಲೆಯಾಡಿಸಿ ನಕ್ಕರು. ಮುಗಿಯಿತು. ಹೇಳಿದ್ದೂ ಆಯಿತು, ಕೇಳಿಸದೇ ಹೋದದ್ದೂ ಆಯಿತು. ಕೆತೂರಾಳಿಗೆ ನಫ್ತಾಲಿಯ ಮೇಲೆ ಅಳು ಬರುವಷ್ಟು ಪ್ರೀತಿ ಉಕ್ಕಿತು. ಬಾವಲಿ ಎಂದವನೇ ಇವನು, ಈಗ ಅವಳ ಮಾನ ಕಾಯಲು ಇಡೀ ಬಳಗದ ಮುಂದೆ ಸುಳ್ಳು ಹೇಳಿದ್ದ. ಅವನು ಇಟ್ಟುಕೊಟ್ಟ ಆ ಸುಳ್ಳು ಎಷ್ಟು ಬೆಚ್ಚಗಿತ್ತು. ಅದನ್ನು ಹೊದ್ದುಕೊಂಡು ನಾಳೆ ಜಗುಲಿಯ ಮೇಲೆ ಕೂತು ಹೊಲಿಯಬಹುದು, ಮುಂದಿನ ಸಬ್ಬತ್ತಿಗೆ ನಿಲ್ಲಬಹುದು. ಆಮೇಲೆ ಅದರ ಮುಂದಿನ ಸಬ್ಬತ್ತು ಬರುತ್ತದೆ. ಆ ಬೆರಳಗಲದ ಜೇಬನ್ನು ಪ್ರತಿಯೊಂದು ಲಂಗದಲ್ಲೂ ಹೊಲಿಯಬೇಕಾಗುತ್ತದೆ. ಈಗ ಗೊತ್ತಿದ್ದವರು ಅವಳನ್ನು ಬಿಟ್ಟು ನಾಲ್ಕೈದು ಜನ. ಅವರಲ್ಲಿ ಒಬ್ಬಳು ರಾತ್ರಿ ಸ್ವರ ಗುನುಗಿ ಮಲಗುವ ಮಗು, ನೆಟ್ಟ ಕಣ್ಣಿನಿಂದ ಇವಳನ್ನೇ ನೋಡುತ್ತ ನಿಂತಿತ್ತು.

"ಥ್ಯಾಂಕ್ಸ್ ಅಲ್ಲ!" ಎಂದು ಕೆತೂರಾ ಕೂಗಿದಳು. ಇಷ್ಟು ಜೋರಾಗಿ ಅವಳು ಹಾಡಿನ ಹೊರಗೆ ಎಂದೂ ದನಿಯೆತ್ತಿರಲಿಲ್ಲ. "ನಾನು ಸಬ್ಬತ್ತಿನ ದಿನ ಕವೆ ಬಡಿದೆ ಮೇಷ್ಟ್ರೇ! ಶುಕ್ರವಾರ ಕಪಾಟಿಗೆ ಹಾಕ್ಲಿಲ್ಲ. ಲಂಗದೊಳಗೆ ಇಟ್ಕೊಂಡಿದ್ದೆ. ಮೊಳಕಾಲಿಗೆ ಬಡಿದು ಕಿವಿ ಹಿಂದೆ ಇಟ್ಕೊಂಡೆ. ತಲೆಯಿಂದ ಅಲ್ಲ!"

ಬೇಲಿಯಾಚೆ ಚರ್ಚಿನಿಂದ ಮರಳುತ್ತಿದ್ದ ಇಬ್ಬರು ಹೆಂಗಸರು ನಿಂತುಬಿಟ್ಟರು. ಕೆಳಗೆ ಹಾಜತ್‌ಳ ಅಂಗಡಿಯವರೆಗೂ ಕೇಳಿಸಿರಬೇಕು. ನಫ್ತಾಲಿ ನೆಲ ನೋಡಿದ. ಹುಡುಗಿಯೊಬ್ಬಳು, "ಹಾಗಾದ್ರೆ ನಾವು ಹಾಡಿದ್ದೂ..." ಎಂದು ಶುರು ಮಾಡಿ ನಿಲ್ಲಿಸಿದಳು. ಕೆತೂರಾಳಿಗೆ ನಾಚಿಕೆಯಿಂದ ಮೈ ಸುಡುತ್ತಿತ್ತು. ಅದರ ಜೊತೆಗೇ, ವಿಚಿತ್ರವೆಂದರೆ, ಬೆಳಗಿನಿಂದ ತಣ್ಣಗಿದ್ದ ಮೊಳಕಾಲಿಗೆ ಜೀವ ಬಂದಂತೆ ಅನಿಸಿತು.

ಮೇಷ್ಟ್ರು ಕೈ ಚಾಚಿದರು. ಭಾನುವಾರ, ಮುಟ್ಟಬಹುದು. ಅವಳು ಹೆಗಲ ಚೀಲದಿಂದ ಕವೆಯನ್ನು ತೆಗೆದು ಕೊಟ್ಟಳು. ಅವರು ಅದನ್ನು ತಿರುಗಿಸಿಯೂ ನೋಡದೆ ಕೋಟಿನೊಳಗೆ ಹಾಕಿಕೊಂಡರು.

"ನಾವು ಇದೇ ಮನೇಲಿ ಬಾಯಿಗೆ ಬಟ್ಟೆ ತುರುಕ್ಕೊಂಡು ಹಾಡಿದ್ವಿ," ಎಂದರು. ದನಿ ಈಗ ಜೋರಾಗಿರಲಿಲ್ಲ. "ಆಗ ಯಾವ ಕಡ್ಡಿ ಇತ್ತು? ಸಿಕ್ಕಿಬಿದ್ರೆ ಚರ್ಮ ಸುಲೀತಿದ್ರು. ಆದ್ರೂ ಸಬ್ಬತ್ ಮುರೀಲಿಲ್ಲ. ನೀನು ಯಾರಿಗೆ ಹೆದರಿ ಮುರಿದೆ? ನಾಲ್ಕು ಮಕ್ಕಳು ನಗ್ತಾರೆ ಅಂತಾನಾ?"

"ಹೌದು."

"ನಿನ್ನ ಹತ್ರ ಇರೋ ಸ್ವರವನ್ನೇ ಕದೀತಾರೇನಮ್ಮಾ ಯಾರಾದ್ರೂ?"

ಅವಳಿಗೆ ಕ್ಯಾನು ತುಂಬುವಾಗ ಕೇಳಿದ್ದು ನೆನಪಾಯಿತು, ಆದರೆ ಹೇಳಿದರೆ ಅದು ಬರೀ ಸಮಜಾಯಿಷಿಯಾಗುತ್ತಿತ್ತು.

"ಇವತ್ತು ನಾನು ಯಾರಿಗೂ ಏನೂ ಒಪ್ಪಿಸಲ್ಲ," ಎಂದರು ಮೇಷ್ಟ್ರು.

ಹೋಯಿತು ಎಂದುಕೊಂಡಳು ಕೆತೂರಾ. ಇಷ್ಟು ವರ್ಷ ಬಯಸಿದ್ದು ಒಂದು ಮಾತಿನಲ್ಲಿ ಹೋಯಿತು. ಬೆನ್ನು ನೆಟ್ಟಗೇ ಇತ್ತು, ಅದು ಅವಳಿಗೇ ಆಶ್ಚರ್ಯ.

"ಮುಗೀತೇನೋ ಪೆಥುಯೇಲ್ ನಿನ್ನ ಪಂಚಾಯ್ತಿ?" ಒಳಗಿನಿಂದ ಹುಲ್ದಾ ಅಜ್ಜಿಯ ದನಿ ಬಂತು. "ಬೆಳಗಿಂದ ಕಾದ್ಕೊಂಡು ಬಿದ್ದಿದೀನಿ. ಹಾಡಿ ಆಮೇಲೆ ಜಗಳ ಆಡಿ. ನಾನು ಸತ್ಮೇಲೆ ಹಾಡ್ತೀರೇನು?"

"ಸ್ವರ ಯಾರು ಕೊಡೋದು ಅಜ್ಜಿ?" ಎಂದ ನಫ್ತಾಲಿ.

"ಇನ್ಯಾರು, ಕೂಗಿದ್ಲಲ್ಲ, ಅವಳೇ. ಗಂಟಲು ಗಟ್ಟಿಯಾಗೇ ಇದೆ. ಏ ಮಗೂ, ಆ ಕಿಟಕಿ ತೆಗಿಯೇ."

ಸೆಫೋರಾ ಓಡಿಹೋಗಿ ಒಳಗಿನಿಂದ ಕಿಟಕಿಯ ಬಾಗಿಲು ತಳ್ಳಿದಳು. ಮೇಷ್ಟ್ರು ಬೇಡ ಎನ್ನಲಿಲ್ಲ, ಹೂಂ ಎನ್ನಲೂ ಇಲ್ಲ, ಮುಖವನ್ನು ವನಾಲೆಯ ಕಡೆ ತಿರುಗಿಸಿದರು. ಕೆತೂರಾ ಬಳಗದ ಮುಂದೆ ಬಂದು ನಿಂತಳು. ಇಪ್ಪತ್ತೆರಡು ಮುಖಗಳು. ಕೆಲವು ಸಿಟ್ಟಾಗಿದ್ದವು, ಕೆಲವು ತಮಾಷೆ ನೋಡುತ್ತಿದ್ದವು. ಮರಳಿ ಬಂದು ಜಾಗ ಹಿಡಿದ ಸೆಫೋರಾಳ ಮುಖ ಮಾತ್ರ ಯಾವುದೂ ಆಗದೆ ಕಾಯುತ್ತಿತ್ತು. ತಲೆಯೊಳಗೆ ಹುಡುಕಿದಳು. ಮೊದಲು ಸಿಕ್ಕಿದ್ದು ನಗು, ಕಿಸಕ್ಕೆಂದ ಮಕ್ಕಳು, ಜಗುಲಿಯ ಮುಂದಿನ ಹುಡುಗ. ಅವರನ್ನೆಲ್ಲ ಓಡಿಸಲು ಹೋಗಲಿಲ್ಲ. ಇರಲಿ ಎಂದು ಬಿಟ್ಟಳು, ಅವರೆಲ್ಲರ ಹಿಂದೆ ಎಲ್ಲೋ ಅದೂ ಇತ್ತು. ಕೊಟ್ಟಳು.

ಅರ್ಧ ಸ್ವರ ಎತ್ತರ. ಬಾಯಿಂದ ಹೊರಟ ಕೂಡಲೇ ತಿಳಿಯಿತು. ನಿಲ್ಲಿಸಿ ತಿದ್ದಿ ಕೊಡಬಹುದಿತ್ತು. ನಫ್ತಾಲಿ ಆಗಲೇ ಕೆಳದನಿಯಲ್ಲಿ ಹೊರಟಿದ್ದ, ಅವನ ಹಿಂದೆ ನಡುದನಿಗಳು. ಕೆತೂರಾ ಕೈಯೆತ್ತಿ ಮುಂದಕ್ಕೆ ಕರೆದಳು. ಬೆಟ್ಟದ ಕೀರ್ತನೆ ಅಂಗಳ ತುಂಬಿ, ಬಾಗಿಲಿನಿಂದ ಒಳಹೊಕ್ಕು, ಆ ಕತ್ತಲೆ ಕೋಣೆಯ ಕಿಟಕಿಯಿಂದ ಆಚೆ ಬಿದ್ದು ಇಳಿಜಾರಿನ ಕಡೆ ಹೋಯಿತು. ತುದಿಯ ಸಾಲು ಹತ್ತಿರ ಬರುತ್ತಿತ್ತು. ಈ ಸಲ ಅವಳು ಬಂಡಿಯಲ್ಲಿ ಕೂತವಳ ಹಾಗೆ ನೋಡುತ್ತ ಕೂರಲಿಲ್ಲ. ಸೆಫೋರಾಳ ಕಣ್ಣಿಗೆ ಕಣ್ಣಿಟ್ಟು, ಉಸಿರು ತಗೋ ಎಂದು ತಾನೂ ಉಸಿರು ತೆಗೆದುಕೊಂಡು, ಬಾಯಿಬಿಟ್ಟು ಅವಳ ಜೊತೆಗೇ ಹತ್ತಿದಳು. ತುದಿಯಲ್ಲಿ ಒಡೆಯಿತು. ಸೆಫೋರಾಳದ್ದೂ ಒಡೆಯಿತು, ಅವಳದ್ದೂ. ಉಳಿದ ಹುಡುಗಿಯರು ಒಡೆದದ್ದರ ಎರಡೂ ಬದಿಗೆ ಕೈ ಕೊಟ್ಟಂತೆ ಹಿಡಿದುಕೊಂಡರು. ಹಾಡು ನಿಲ್ಲಲಿಲ್ಲ. ಯಾರೂ ನಗಲಿಲ್ಲ, ಅಥವಾ ನಕ್ಕಿದ್ದರೆ ಅವಳು ನೋಡಲಿಲ್ಲ. ಎದೆಯಲ್ಲಿ ಉಬ್ಬಿದ್ದಕ್ಕೆ ಈಗ ಅವಳು ಸಿಟ್ಟಾಗಲಿಲ್ಲ. ನನ್ನ ಬಳಗ, ಎಂದುಕೊಂಡಳು. ಒಪ್ಪಿಸಲಿ, ಬಿಡಲಿ.

ಮುಗಿದ ಮೇಲೆ ಮೇಷ್ಟ್ರು ಬಂಡೆಯ ಕಡೆಯಿಂದ ಮುಖ ಈಚೆಗೆ ತಿರುಗಿಸಿದರು. ಮತ್ತೆ ತಮ್ಮ ಎಂದಿನ ಜೋರು ದನಿಯಲ್ಲಿ, "ಎತ್ತರ ಆಯ್ತು," ಎಂದರು.

"ಹೌದು ಮೇಷ್ಟ್ರೇ!" ಎಂದು ಅವಳೂ ಕೂಗಿದಳು.

"ನಫ್ತಾಲಿ ದನಿ ನನಗೆ ಕೇಳುತ್ತೆ. ಅ‍ವನು ಅರ್ಧ ಮೆಟ್ಟಿಲು ಮೇಲೆ ನಿಂತಿದ್ದ."

"ಹೌದು. ಅರ್ಧ."

ಅವರು ಕುರ್ಚಿಯಿಂದ ಎದ್ದು, ಕೋಟಿನ ಮೇಲಿನ ಜೇಬಿನಿಂದ ಸುಣ್ಣದ ಕಡ್ಡಿಯನ್ನು ತೆಗೆದು ಅವಳಿಗೆ ಕೊಟ್ಟರು. ಮುಖದಲ್ಲಿ ಸಿಟ್ಟು ಇನ್ನೂ ಇತ್ತು. "ನಾಳೆ ಸಂಜೆ ಹಲಗೆ ಮೇಲೆ ಬರೆದು ಹೇಳ್ಕೊಡು ಇವರಿಗೆ. ಮುಂದಿನ ಸಬ್ಬತ್ತಿಗೆ ಇಳಿಸ್ಕೊ."

"ಯಾಕೋ ಇಳಿಸ್ಬೇಕು?" ಎಂದಳು ಒಳಗಿನಿಂದ ಹುಲ್ದಾ ಅಜ್ಜಿ. "ಎಂಟು ವರ್ಷ ಇಳಿಸಿದ್ದು ಸಾಕು. ಏ ಹುಡುಗೀ, ಅಷ್ಟೇ ಎತ್ತರದಲ್ಲಿ ಇನ್ನೊಂದ್ಸಲ ಕೊಡು. ಒಡೀಲಿ."